ಮಲಾರದೊಳಗಿನ ಕಾದಂಬರಿಗಳು

ಶಿರಾದ ಹೆಣ್ಣುಮಕ್ಕಳಿಗೆ ಓದುವ ರುಚಿ ಹತ್ತಿಸಿದವರು ಯಾರು? ಮೊನ್ನೆ ಸಂತೆಪೇಟೆ ಸಾರ್ವಜನಿಕ ವಾಚನಾಲಯದ ಹೊಸ ಕೊಠಡಿಯ ಪ್ರಾರಂಭೋತ್ಸವದಲ್ಲಿ ಭಾಷಣಕಾರರು ಈ ಪ್ರಶ್ನೆಯನ್ನು ತಾವೇ ಕೇಳಿ ತಾವೇ ಉತ್ತರ ಕೊಟ್ಟುಕೊಂಡರು. ಒಬ್ಬರು ಸರ್ಕಾರ ಎಂದರು. ಒಬ್ಬರು ಆಡಳಿತ ಮಂಡಳಿ ಎಂದರು. ಇನ್ನೊಬ್ಬರು ಎಲ್ಲ ಕಾಲಮಹಿಮೆ ಎಂದು ಹೇಳಿ ಕೂತುಬಿಟ್ಟರು. ಹಾರ ಹಾಕಿಸಿಕೊಂಡವರೆಲ್ಲ ತಲೆಯಾಡಿಸಿದರು. ಆ ಹೊತ್ತಿನಲ್ಲಿ ಹೆಂಗಸರ ಸಾಲಿನ ಹಿಂದೆ, ಕಂಬಕ್ಕೆ ಒರಗಿ, ಬಿಳಿ ಚಾದರ ಹೊದ್ದು ಕೂತಿದ್ದ ಒಬ್ಬಾಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಆಕೆಗೆ ನಗು ಬಂತು. ನನಗೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಕೆಯ ಹೆಸರು ರಹಮತ್ ಬಿ. ಹಳೆ ಬಜಾರಿನ ಬಳೆ ಅಂಗಡಿಯ ಇನಾಯತುಲ್ಲಾ ಸಾಬರ ಹೆಂಡತಿ. ಅಂಗಡಿಯಲ್ಲಿ ಗಂಡ ಕೂತರೆ, ಬಜಾರಿಗೆ ಕಾಲಿಡದ ಹೆಂಗಸರ ಮನೆಗಳಿಗೆ ಹೆಂಡತಿ ಹೋಗುತ್ತಿದ್ದಳು. ಬಳೆಯ ಸರಗಳನ್ನು ಸಾಲಾಗಿ ಕಟ್ಟಿ, ಮೇಲೆ ಬಟ್ಟೆ ಸುತ್ತಿ ಹೆಗಲಿಗೇರಿಸುವ ಗಂಟಿಗೆ ನಮ್ಮಲ್ಲಿ ಮಲಾರ ಎನ್ನುತ್ತಾರೆ. ಆ ಮಲಾರ ಹೊತ್ತು ಆಕೆ ಹೋಗದ ಮನೆ ಶಿರಾದಲ್ಲಿ ಇರಲಿಲ್ಲ. ಲಿಂಗಾಯತರ ಪಡಸಾಲೆ, ಸಾಬರ ಮನೆಗಳ ಪರದೆಯ ಒಳಗು, ಬ್ರಾಹ್ಮಣರ ಹಿತ್ತಿಲ ಜಗಲಿ, ಎಲ್ಲ ಕಡೆಯೂ ಆಕೆಗೊಂದು ಚಾಪೆ ಇತ್ತು. ರಾಜ್ಯ ಒಂದಾದ ವರ್ಷದ ಮಾತು ಇದು. ರಾಜ್ಯ ಒಂದಾದರೂ ನಮ್ಮ ಊರು ಎರಡಾಗಿಯೇ ಇತ್ತು: ಗಂಡಸರದೊಂದು, ಹೆಂಗಸರದೊಂದು. ಎರಡನೆಯ ಊರಿನ ದಾರಿಗಳನ್ನೆಲ್ಲ ಬಲ್ಲವಳು ರಹಮತ್ ಬಿ.

ವಾಚನಾಲಯದ ಬಾಗಿಲ ಪಕ್ಕದಲ್ಲಿ ಆಗ ಒಂದು ಕರಿಹಲಗೆ ತೂಗುಹಾಕಿತ್ತು. ಗ್ರಂಥಪಾಲಕ ಗಂಗಾಧರಯ್ಯನವರು ಪ್ರತಿ ಶನಿವಾರ ಅದನ್ನು ಒರೆಸಿ, ಎಡಗಡೆಗೆ ಹೊಸದಾಗಿ ಬಂದ ಪುಸ್ತಕದ ಸುದ್ದಿ, ಬಲಗಡೆಗೆ ಬುಕ್ಕಾಪಟ್ಟಣದ ರಸ್ತೆಯ ಟೆಂಟಿಗೆ ಬಂದ ಸಿನಿಮಾದ ಸುದ್ದಿ ಬರೆಯುತ್ತಿದ್ದರು. ವಾಚನಾಲಯಕ್ಕೂ ಸಿನಿಮಾಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಟೆಂಟಿನ ಮಾಲೀಕ ಮರುಳಸಿದ್ದಯ್ಯ ವಾಚನಾಲಯದ ಆಡಳಿತ ಮಂಡಳಿಯ ಸದಸ್ಯ. ಹಲಗೆ ಮಾಡಿಸಿಕೊಟ್ಟವನೂ ಅವನೇ. ಗಂಗಾಧರಯ್ಯನವರು ಒಳ್ಳೆಯವರು, ಆದರೆ ಪುಕ್ಕಲು. ಯಾವ ಪುಸ್ತಕ ಬಂದರೂ ‘ಸದರಿ ಗ್ರಂಥವು ನೀತಿಬೋಧಕವಾಗಿದೆ’ ಎಂದು ಬರೆಯುತ್ತಿದ್ದರು. ಯಾವ ಸಿನಿಮಾ ಬಂದರೂ ‘ಸಕುಟುಂಬವಾಗಿ ನೋಡತಕ್ಕದ್ದು.’ ಗಂಡಸರು ಹಲಗೆಯ ಮುಂದೆ ನಿಂತು ಬೀಡಿ ಸೇದುತ್ತ ಓದುತ್ತಿದ್ದರು. ಸಕುಟುಂಬದಲ್ಲಿ ಕುಟುಂಬ ಅನ್ನಿಸಿಕೊಂಡವರು ಆ ಬೀದಿಯಲ್ಲಿ ನಿಲ್ಲುವಂತೆಯೇ ಇರಲಿಲ್ಲ.

ರಹಮತ್ ಬಿ ಬಳೆ ಸುತ್ತಿಕೊಡಲು ಹಳೆ ಪೇಪರು ಕೊಳ್ಳುವುದಕ್ಕೆ ಅಲ್ಲಿಗೆ ಬರುತ್ತಿದ್ದಳು. ಚಿಕ್ಕಂದಿನಲ್ಲಿ ಕನ್ನಡ ಶಾಲೆಗೆ ಹೋದವಳು. ಒಂದು ದಿನ ಹಲಗೆ ಓದಿಕೊಂಡು ಒಳಗೆ ಬಂದು ಕೇಳಿದಳು.

“ಅಯ್ನೋರೆ, ಈ ಕಿತಾಬು ಹೆಂಗೈತೆ?”

“ನೀತಿಬೋಧಕವಾಗಿದೆ ಅಂತ ಬರೆದಿದೀನಲ್ಲಮ್ಮ.”

“ನೀತಿ ಇರ್ಲಿ ಬುಡಿ. ಕತೆ ಹೆಂಗೈತೆ ಅಂದೆ. ಹಿಡಿದ್ರೆ ಕೆಳಗಿಡಕ್ಕಾಗ್ತದಾ, ಇಲ್ವಾ? ಒಲೆ ಮ್ಯಾಲೆ ಸಾರು ಇಟ್ಟು ಓದಿದ್ರೆ ಸಾರು ಉಳೀತದಾ?”

ಗಂಗಾಧರಯ್ಯನವರು ಆಚೆ ಈಚೆ ನೋಡಿ ದನಿ ತಗ್ಗಿಸಿದರು. “ಸಾರು ಸೀದುಹೋಗ್ತದೆ ಕಣಮ್ಮ. ನಮ್ಮನೇಲೇ ಆಯ್ತು.”

“ಅದನ್ನ ಬರೀರಿ ಮತ್ತೆ ಬೋರ್ಡಿನ ಮ್ಯಾಲೆ!”

ಅವರು ಬರೆಯಲಿಲ್ಲ. ಆದರೆ ಆಕೆಗೆ ಸದಸ್ಯತ್ವದ ಚೀಟಿ ಕೊಟ್ಟರು. ಒಂದು ಚೀಟಿಗೆ ಒಂದು ಪುಸ್ತಕ ಎಂಬುದು ನಿಯಮ. ಆ ಒಂದರ ಜೊತೆಗೆ ಇನ್ನೆರಡು ಮಲಾರದ ಬಟ್ಟೆಯೊಳಗೆ ಸೇರಿಕೊಂಡರೆ ಗಂಗಾಧರಯ್ಯನವರಿಗೆ ಆ ಹೊತ್ತಿಗೆ ಸರಿಯಾಗಿ ಕಿಟಕಿಯ ಆಚೆ ಏನೋ ಕಾಣುತ್ತಿತ್ತು. ಅವರ ಜೀವಮಾನದಲ್ಲಿ ಮಾಡಿದ ಧೈರ್ಯದ ಕೆಲಸ ಅದೊಂದೇ. ಆದರೂ ನಾನು ಅವರಿಗೆ ಕೈಮುಗಿಯುತ್ತೇನೆ; ಹಾರ ಹಾಕಿಸಿಕೊಂಡವರಲ್ಲಿ ಅಷ್ಟೂ ಮಾಡಿದವರಿಲ್ಲ.

ಹೀಗೆ ಮನೆಮನೆಗೆ ಪುಸ್ತಕ ಹೋಗತೊಡಗಿತು. ಯಾವ ಮನೆಗೆ ಯಾವುದು ಎಂಬ ಹದ ರಹಮತ್ ಬಿಗೆ ಗೊತ್ತಿತ್ತು. ಕೋರ್ಟು ಗುಮಾಸ್ತರ ಮನೆಯಾಕೆಗೆ ಪತ್ತೇದಾರಿ, ಮಾತು ಕಡಿಮೆಯಾದ ದಾಸಮ್ಮನಿಗೆ ನಗಿಸುವ ಪ್ರಹಸನ. ಅತ್ತೆಯ ಕಾಟದ ಕಾದಂಬರಿಯಾದರೆ ಸೊಸೆಗೆ ಕೊಡುವ ಮೊದಲು ಅದರ ಕತೆಯನ್ನು ಅತ್ತೆಗೇ ಹೇಳಿ, ‘ಅಯ್ಯೋ, ಎಂಥಾ ಮಾರಿ ಅವ್ಳು!’ ಎಂದು ಅತ್ತೆಯ ಬಾಯಲ್ಲೇ ಅನ್ನಿಸಿ, ಆಮೇಲೆ ಪುಸ್ತಕವನ್ನು ಸೊಸೆಯ ಕಡೆ ದಾಟಿಸುತ್ತಿದ್ದಳು. ಓದು ಬಾರದವರಿಗೆ ಇಸ್ಕೂಲಿಗೆ ಹೋಗುವ ಮಗಳು ಓದಿ ಹೇಳುತ್ತಿದ್ದಳು. ಕೆಲವರು ಮಗಳ ಜೊತೆ ತಾವೂ ಕಾಗುಣಿತ ಕಲಿತರು.

ಸಿನಿಮಾದ್ದೂ ಹಾಗೆಯೇ. ಹೊಸ ಚಿತ್ರ ಬಂದ ದಿನವೇ ರಹಮತ್ ಬಿ ಟೆಂಟಿನ ಹೆಂಗಸರ ಕಡೆಯ ತಡಿಕೆಯ ಹಿಂದೆ ಕೂತು ನೋಡಿ, ಮಾರನೆಯ ದಿನ ತೀರ್ಪು ಹೊರಡಿಸುತ್ತಿದ್ದಳು.

“ಬೀಬಮ್ಮ, ಹೆಂಗೈತೆ ಈ ಸಲದ್ದು?”

“ಕುಣಿಯೋದೇ ಜಾಸ್ತಿ ಕಣಮ್ಮ. ಹೀರೋಗೆ ಜರ ಬಂದ್ರೂ ಕುಣೀತಾನೆ. ಇಂಟರ್‌ವಲ್ಲಿಗೆ ಎದ್ದು ಬಂದ್ಬುಡಿ, ಏನೂ ಲುಕ್ಸಾನಿಲ್ಲ.”

ಇನ್ನೊಂದಕ್ಕೆ, “ಮಕ್ಕಳನ್ನ ಮನೇಲಿ ಬುಟ್ಟು ಹೋಗಿ. ಅಳ್ತಾ ಕೂತಾಗ ಅವು ಉಚ್ಚೆ ಅಂದ್ರೆ ಕೋಪ ಬತ್ತದೆ.”

ಇದು ಎಲ್ಲಿಗೆ ಬಂತೆಂದರೆ, ಗಂಡಂದಿರು ಕೂಡ ‘ಬಳೆ ಬೀಬಿ ನೋಡವ್ಳಾ? ಹಂಗಾದ್ರೆ ಹೋಗ್ಬನ್ನಿ’ ಎನ್ನತೊಡಗಿದರು. ಕರಿಹಲಗೆ ಗಂಡಸರ ಊರಿಗೆ. ಹೆಂಗಸರ ಊರಿಗೆ ರಹಮತ್ ಬಿಯೇ ಹಲಗೆ. ಅದೂ ನಿಜ ಬರೆಯುವ ಹಲಗೆ.

ನಿಜ ಎಂದೆ. ಒಂದು ವಿಷಯದಲ್ಲಿ ಮಾತ್ರ ಅದು ನಿಜವಲ್ಲ. ಅಲ್ಲಿಂದಲೇ ಎಲ್ಲ ಶುರುವಾದದ್ದು.

ಬಳೆ ತೊಡಿಸುವಾಗ ಒಂದು ಕಟ್ಟಳೆ ಉಂಟು. ಹೆಣ್ಣಿನ ಕೈ ಬಳೆಗಾರ್ತಿಯ ಕೈಯಲ್ಲಿ ಇರುವಷ್ಟು ಹೊತ್ತು ಅಶುಭದ ಮಾತು ಆಡಬಾರದು. ಬಳೆ ಒಡೆದರೂ ಒಡೆಯಿತು ಅನ್ನಬಾರದು, ಹೆಚ್ಚಾಯಿತು ಅನ್ನಬೇಕು. ಸಾವು, ಸೂತಕ, ತಾಳಿ ತೆಗೆಯುವುದು, ಯಾವುದೂ ಬಾಯಿಗೆ ಬರಕೂಡದು. ಇನಾಯತುಲ್ಲಾ ಸಾಬರ ಅಜ್ಜನ ಕಾಲದಿಂದ ಆ ಮನೆಯವರು ಇದನ್ನು ಮೀರಿದವರಲ್ಲ. ರಹಮತ್ ಬಿ ಕತೆ ಹೇಳುತ್ತಿದ್ದುದೇ ಆಗ. ಗಾಜಿನ ಬಳೆ ಗಿಣ್ಣು ದಾಟುವಾಗ ಪ್ರಾಣ ಹೋಗುವಷ್ಟು ನೋವು. ಕತೆ ಕೇಳುತ್ತಿದ್ದರೆ ಕೈ ಸಡಿಲವಾಗುತ್ತದೆ. ಕೈ ಹಿಡಿದುಕೊಂಡಿರುವಾಗ ಕಥಾನಾಯಕಿಯನ್ನು ಸಾಯಿಸುವುದು ಹೇಗೆ? ಆದ್ದರಿಂದ ಆಕೆ ಸಾಯಿಸುತ್ತಿರಲಿಲ್ಲ. ಪುಸ್ತಕದಲ್ಲಿ ಸತ್ತವರು ರಹಮತ್ ಬಿಯ ಬಾಯಲ್ಲಿ ಮದರಾಸಿನ ದೊಡ್ಡಾಸ್ಪತ್ರೆಗೆ ಹೋಗಿ ಗುಣವಾಗಿ ಬರುತ್ತಿದ್ದರು. ಬಾವಿಗೆ ಬಿದ್ದವರನ್ನು ಯಾರಾದರೂ ಹಗ್ಗ ಇಳಿಬಿಟ್ಟು ಎತ್ತುತ್ತಿದ್ದರು.

ಗಂಡ ಒಮ್ಮೆ ಹಾಸ್ಯ ಮಾಡಿದರಂತೆ. “ಲೇ ರಹಮತ್, ನಿನ್ನೆ ನನಗೆ ಓದಿ ಹೇಳ್ದಾಗ ಆ ಮುದುಕ ಸತ್ತಿದ್ದ. ಇವತ್ತು ದಾಸಮ್ಮ ಬಂದು, ಮುದುಕನಿಗೆ ಎರಡನೇ ಮದುವೆ ಆಯ್ತಂತಲ್ಲಾ ಸಾಬ್ರೆ ಅಂತಾಳೆ. ನಿನ್ನ ಮದರಾಸಿನ ಡಾಕ್ಟರನ್ನ ಒಂದು ಕಿತ ನನಗೂ ತೋರ್ಸು.”

“ಕೈ ಹಿಡ್ಕೊಂಡು ಮೌತಿನ ಮಾತಾಡ್ಲಾ? ನಿಮ್ಮ ಬಳೆ ಯಾರು ತೊಡ್ತಾರೆ?” ಎಂದಳಂತೆ ಈಕೆ.

ಸುತ್ತಿಬಳಸಿ ಹೇಳುವುದೇನು? ಓದಿದವರು ಎಷ್ಟೋ ಜನ ಬದಲಾದ ಕೊನೆಯನ್ನು ಕಂಡೂ ಸುಮ್ಮನಿದ್ದರು. ಕಟ್ಟಳೆ ಅವರಿಗೂ ಗೊತ್ತಿತ್ತಲ್ಲ. ಸುಮ್ಮನಿರಲಾಗದ ಮನೆಯೊಂದಿತ್ತು. ಕಡಲೆಕಾಯಿ ಎಣ್ಣೆ ಗಾಣದ ಸಾಹುಕಾರ ಶಂಕರಲಿಂಗಪ್ಪನವರದು. ವಾಚನಾಲಯದ ಅಧ್ಯಕ್ಷರೂ ಅವರೇ. ಅವರ ಸೊಸೆ ಜಗದಾಂಬ ಮದಲೂರಿನ ಹೆಣ್ಣು, ಚೊಚ್ಚಲ ಬಸುರಿ. ಐದನೇ ತಿಂಗಳಿಗೆ ಹಸಿರು ಬಳೆ ತೊಡಿಸುವ ಶಾಸ್ತ್ರಕ್ಕೆ ರಹಮತ್ ಬಿಯನ್ನೇ ಕರೆಸಿದರು. ಹುಡುಗಿಯ ಅಂಗೈ ಒತ್ತಿ ಬಳೆ ಏರಿಸುತ್ತ ಆಕೆ ಒಂದು ಹೊಸ ಕಾದಂಬರಿಯ ಕತೆ ತೆಗೆದಳು. ಕಮಲಾಕ್ಷಿ ಎಂಬೊಬ್ಬಳು, ಅವಳ ಹಟ, ಅವಳ ಬಡತನ, ಅವಳ ಬಸುರು. ಕೊನೆಗೆ ಕಮಲಾಕ್ಷಿ ಗಂಡುಮಗು ಹೆತ್ತು ಬಾಣಂತಿ ಅಂಟು ತಿಂದು ಗುಂಡುಕಲ್ಲಾದಳು. ಸೇರಿದ ಮುತ್ತೈದೆಯರೆಲ್ಲ ನಿಟ್ಟುಸಿರು ಬಿಟ್ಟರು. ಅತ್ತೆ ಕರಿಬಸಮ್ಮನವರು ಮಡಿಲು ತುಂಬ ಕೊಬ್ಬರಿ ಕೊಟ್ಟು ಕಳಿಸಿದರು.

ಜಗದಾಂಬ ಸುಮ್ಮನಿರಲಿಲ್ಲ. ಆ ಪುಸ್ತಕ ಬೇಕೆಂದು ಹೇಳಿಕಳಿಸಿದಳು. ರಹಮತ್ ಬಿ ಬೇರೊಂದು ಕೊಟ್ಟು ನೋಡಿದಳು, ಹುಡುಗಿ ಒಪ್ಪಲಿಲ್ಲ. ಕಡೆಗೆ ಕೊಟ್ಟಳು. ಹುಡುಗಿ ಓದಿದಳು. ಪುಸ್ತಕದ ಕಮಲಾಕ್ಷಿ ಹೆರಿಗೆಯಲ್ಲೇ ಸಾಯುತ್ತಾಳೆ.

ಮಧ್ಯಾಹ್ನ ಅಡಿಗೆಮನೆಯ ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದ ಸೊಸೆಯನ್ನು ಕರಿಬಸಮ್ಮ ಕಂಡರು. ಕಾರಣ ಕೇಳಿದರು. ಮನೆ ಹೊತ್ತಿಕೊಂಡಿತು ಎನ್ನುವಂತೆ ಕೂಗಿಕೊಂಡರು. ಮೊದಲಿಗೆ ಅವರಿಗನ್ನಿಸಿದ್ದು ಏನು ಗೊತ್ತೆ? ಪುಸ್ತಕವನ್ನೇ ಯಾರೋ ಬದಲಾಯಿಸಿದ್ದಾರೆ ಎಂದು! “ನಾನೇ ಕಿವಿಯಾರೆ ಕೇಳಿವ್ನಿ, ಅವ್ಳು ಚೆನ್ನಾಗವ್ಳೆ! ಬಾಣಂತನ ಮಾಡಿಸ್ಕೊಂಡವ್ಳೆ! ಇದು ಬ್ಯಾರೆ ಪುಸ್ತಕ. ಯಾರೋ ಆಗದವ್ರು ಮಾಡಿದ ಕೆಲ್ಸ” ಎಂದು ಗಂಡನನ್ನು ವಾಚನಾಲಯಕ್ಕೇ ಓಡಿಸಿದರು. ಶಂಕರಲಿಂಗಪ್ಪನವರು ಗಂಗಾಧರಯ್ಯನವರ ಮೇಜು ಗುದ್ದಿದರು. “ಸರಿಯಾದ ಪುಸ್ತಕ ತೆಗೀರಿ. ಅವಳು ಬದುಕಿರೋದು.” ಗಂಗಾಧರಯ್ಯನವರು ಇನ್ನೊಂದು ಪ್ರತಿ ತೆಗೆದು ತೋರಿಸಿದರು. ಅದರಲ್ಲೂ ಅವಳು ಸತ್ತಿದ್ದಳು.

ಆಗ ಸತ್ಯ ಹೊರಬಿತ್ತು. ಒಂದು ಚೀಟಿಗೆ ಮೂರು ಪುಸ್ತಕ ಹೋಗುತ್ತಿದ್ದುದೂ ಹೊರಬಿತ್ತು. ಮಂಡಳಿ ತುರ್ತಾಗಿ ಸೇರಿ ಅಪ್ಪಣೆ ಹೊರಡಿಸಿತು: ಬಳೆ ರಹಮತ್ ಬಿಯ ಚೀಟಿ ರದ್ದು. ಹೆಂಗಸರಿಗೆ ಪುಸ್ತಕ ಹೊರಗೆ ಕೊಡಕೂಡದು. ಸಾವಿನ ಪ್ರಸ್ತಾಪವಿರುವ ಕಾದಂಬರಿಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಸೊಸೆಯ ಹೆರಿಗೆ ಸುಖವಾಗಿ ಆದ ಮೇಲೆ ಮುಂದಿನ ವಿಚಾರ.

ಗಂಗಾಧರಯ್ಯನವರು ಸಾವಿದ್ದ ಪುಸ್ತಕಗಳನ್ನು ಹೆಕ್ಕುತ್ತ ಹೋದರು. ಬೀರು ತುಂಬಿತು. ಹೊರಗೆ ಉಳಿದದ್ದು ಪಂಚಾಂಗ, ರೇಷ್ಮೆಹುಳು ಸಾಕುವ ಕ್ರಮ ಮತ್ತು ಒಂದು ಹಳೆಯ ಅಂಕಗಣಿತ. ಪುರಾಣಗಳಲ್ಲಿ ಸಾವಿನ ಲೆಕ್ಕವೇ ಇಲ್ಲ. ಅವನ್ನೂ ಬೀಗದ ಒಳಗೆ ಹಾಕಬೇಕೇ ಎಂದು ಕೇಳಿದಾಗ ಅಧ್ಯಕ್ಷರು ಕೊಡೆ ಎತ್ತಿಕೊಂಡು ಹೊರಟುಹೋದರಂತೆ. ನಗಬೇಡಿ. ಒಂದು ಊರಿನ ಅರ್ಧ ಜನರ ಓದು, ಒಬ್ಬ ಹುಡುಗಿಯ ಹೆರಿಗೆಯ ನೋವಿಗೆ ಗಂಟುಬಿದ್ದಿತ್ತು. ಅವಳು ಬದುಕಿದರೆ ಪುಸ್ತಕ ಒಳ್ಳೆಯದು, ಏನಾದರೂ ಆದರೆ ಪುಸ್ತಕ ಕೊಲೆಗಾರ. ಇದು ವಾಚನಾಲಯದ ಆಡಳಿತ! ಇಂಥವರೇ ಮೊನ್ನೆ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡದ್ದು.

ರಹಮತ್ ಬಿ ಕುಸಿದುಹೋದಳು. ಚೀಟಿ ಹೋದದ್ದಕ್ಕಲ್ಲ. ಆ ಹುಡುಗಿಯ ಎದೆ ಒಡೆದೆನೇ ಎಂಬ ಭಯಕ್ಕೆ. ಅಷ್ಟರಲ್ಲಿ ಜಗದಾಂಬನನ್ನು ತವರಿಗೆ ಕರೆದೊಯ್ದಿದ್ದರು. ಈಕೆ ಮದಲೂರಿಗೆ ಹೊರಟ ಎತ್ತಿನ ಗಾಡಿ ಹಿಡಿದು ಹೋದಳು. ಕೆರೆ ಏರಿಯ ಪಕ್ಕದ ಮನೆ. ಜಗದಾಂಬ ಜಗಲಿಯ ಮೇಲೆ ಅವರೆಕಾಳು ಆರಿಸುತ್ತಿದ್ದಳು.

“ಮಾಫ್ ಮಾಡ್ಬುಡು ಕಣಮ್ಮ,” ಎಂದು ರಹಮತ್ ಬಿ ಕೈಹಿಡಿಯಲು ಹೋಗಿ ಹಿಂದೆ ತೆಗೆದಳು. “ನನ್ನಿಂದ ನಿನಗೆ ದಿಗಿಲಾಯ್ತು.”

“ಯಾರು ಹೇಳಿದ್ದು ದಿಗಿಲು ಅಂತ?” ಹುಡುಗಿ ಮೊರ ಕೆಳಗಿಟ್ಟಳು. “ನಾನು ಅತ್ತದ್ದು ಕಮಲಾಕ್ಷಿಗೋಸ್ಕರ ಬೀಬಮ್ಮ. ಪಕ್ಕದ ಮನೆಯೋಳು ಹೋದಂಗಾಯ್ತು. ಅಳಬಾರ್ದಾ? ಅತ್ತೆಗೆ ಅದನ್ನೇ ಹೇಳ್ದೆ. ನಂಬ್ಲಿಲ್ಲ. ಹೆಂಗಸು ಅತ್ರೆ ಅದು ತನಗೋಸ್ಕರಾನೇ ಅಂತ ಅನ್ಕೊಂಡವ್ರೆ.”

ರಹಮತ್ ಬಿ ಜಗಲಿಯ ಅಂಚಿಗೆ ಕೂತಳು.

“ಕೋಪ ಬಂದಿದ್ದು ಬ್ಯಾರೆದಕ್ಕೆ,” ಎಂದಳು ಜಗದಾಂಬ. “ನೀನು ಹೇಳಿದ ಕೊನೆ ಚೆನ್ನಾಗಿರ್ಲಿಲ್ಲ. ಅಷ್ಟು ಕಷ್ಟ ಪಟ್ಟೋಳು ಸುಮ್ನೆ ಅಂಟು ತಿಂದ್ಕೊಂಡು ಕೂತ್ಬುಟ್ಲು ಅಂದ್ರೆ ಕತೆ ಸಪ್ಪೆ ಆಗೋಯ್ತು. ಬರೆದೋರು ಸರಿಯಾಗಿ ಬರೆದವ್ರೆ. ಈಗ ನನ್ನ ಹೆಸರು ಹೇಳ್ಕೊಂಡು ಎಲ್ಲರ ಪುಸ್ತಕಕ್ಕೂ ಬೀಗ ಹಾಕವ್ರಂತೆ? ನನ್ನ ಹೊಟ್ಟೆ ಏನು ಅವರ ಆಫೀಸಾ?”

ಆ ಗಾಡಿಯಲ್ಲಿ ಹೋದ ರಹಮತ್ ಬಿ ಬೇರೆ, ಹಿಂದಿರುಗಿದವಳು ಬೇರೆ. ನೇರ ವಾಚನಾಲಯಕ್ಕೆ ಹೋದಳು. ಅಧ್ಯಕ್ಷರೂ ಮರುಳಸಿದ್ದಯ್ಯನೂ ಕೂತಿದ್ದರು. ಈ ಮಾತುಕತೆಯನ್ನು ಗಂಗಾಧರಯ್ಯನವರು ನನಗೆ ಎಷ್ಟು ಸಲ ಹೇಳಿದ್ದಾರೋ, ಪ್ರತಿ ಸಲವೂ ಎದ್ದು ನಿಂತೇ ಹೇಳಿದ್ದಾರೆ.

“ಸಾವ್ಕಾರ್ರೆ, ತಪ್ಪು ನಂದು. ಕೊನೆ ಬದಲಾಯಿಸ್ದೋಳು ನಾನು. ಬೈಯೋದಿದ್ರೆ ನನ್ನನ್ನ ಬೈರಿ. ಕಿತಾಬು ಏನು ಮಾಡ್ತು?”

“ಹೆರಿಗೆ ಆಗ್ಲಿ ಕಣಮ್ಮ, ಆಮೇಲೆ ನೋಡಾನ.”

“ಬ್ಯಾಡ. ಈಗ್ಲೇ ಹೇಳ್ಬುಡಿ. ನಾಳೆ ಆ ತಾಯಿಗೆ ಚಿನ್ನದಂಥ ಮಗು ಹುಟ್ಲಿ, ಅದು ದೇವರ ದಯೆ. ಅದ್ರಿಂದ ಬೀಗ ತೆಗೆದ್ರೆ ನಾನು ಒಪ್ಪಾಕಿಲ್ಲ. ಆ ಮಗೂನ ಹೆಸರಿನಲ್ಲಿ ಊರಿನ ಹೆಂಗಸ್ರು ಓದ್ಬೇಕಾ?”

ಶಂಕರಲಿಂಗಪ್ಪನವರಿಗೆ ಸಿಟ್ಟು ನೆತ್ತಿಗೇರಿತು. “ಬಳೆ ಮಾರೋಳು ಬಳೆ ಮಾರ್ಕೊಂಡಿರು. ನಾಕು ಅಕ್ಷರ ಬತ್ತದೆ ಅಂತ ಊರಿಗೆಲ್ಲ ಬುದ್ಧಿ ಹೇಳಕ್ಕೆ ಬಂದ್ಬುಟ್ಯಾ?”

ರಹಮತ್ ಬಿ ಚಾದರ ಸರಿಪಡಿಸಿಕೊಂಡಳು. “ಆಯ್ತು. ಬಳೆ ಮಾತ್ರ ಮಾರ್ತೀನಿ.”

ಮರುಳಸಿದ್ದಯ್ಯ ನಕ್ಕನಂತೆ. ಆ ನಗು ಗೌರಿ ಹಬ್ಬದವರೆಗೆ ಉಳಿಯಲಿಲ್ಲ.

ಗೌರಿ ಹಬ್ಬ ಬಂದರೆ ಹೊಸ ಬಳೆ ತೊಡದ ಕೈ ಇಲ್ಲ. ರಹಮತ್ ಬಿ ಮಲಾರ ಹೊತ್ತು ಎಂದಿನಂತೆ ಮನೆಮನೆಗೆ ಹೋದಳು. ಚಾಪೆಯ ಮೇಲೆ ಕೂತಳು. ಬಳೆ ಆರಿಸಿದಳು, ಅಳತೆ ನೋಡಿದಳು, ತೊಡಿಸಿದಳು. ಬಾಯಿ ಬಿಡಲಿಲ್ಲ. ಕತೆ ಇಲ್ಲ, ಪುಸ್ತಕದ ಸುದ್ದಿ ಇಲ್ಲ, ಸಿನಿಮಾದ ತೀರ್ಪು ಇಲ್ಲ.

“ಯಾಕೆ ಬೀಬಮ್ಮ, ಗಂಟ್ಲು ಕಟ್ಟೈತಾ?”

“ಇಲ್ಲ ಕಣಮ್ಮ. ಬಳೆ ಮಾತ್ರ ಮಾರು ಅಂತ ಸಾವ್ಕಾರ್ರ ಅಪ್ಪಣೆ.”

“ಅಯ್ಯೋ, ನೋವು! ಮೆಲ್ಲಕೆ! ಏನಾದ್ರೂ ಹೇಳೇ ಮಾರಾಯ್ತಿ!”

“ಏನು ಹೇಳ್ಲಿ? ನೀತಿಬೋಧಕವಾಗಿದೆ.”

ಹಬ್ಬಕ್ಕೆ ಮೊದಲಿನ ದಿನಗಳಲ್ಲಿ ಶಿರಾದ ಪಡಸಾಲೆಗಳಿಂದ ಎದ್ದ ‘ಅಯ್ಯಮ್ಮಾ’ಗಳನ್ನು ಬೀದಿಯ ಗಂಡಸರೂ ಕೇಳಿದರು. ಟೆಂಟಿಗೆ ಆ ವಾರ ಹೊಸ ಚಿತ್ರ ಬಂದಿತ್ತು. ಜಟಕಾದಲ್ಲಿ ತಮಟೆ ಬಡಿಸಿ, ನೋಟೀಸು ಹಂಚಿದ್ದಾಯಿತು. ಹೆಂಗಸರ ಕಡೆಯ ತಡಿಕೆಯ ಹಿಂದೆ ನಾಯಿ ಮಲಗಿತ್ತು. ‘ಬಳೆ ಬೀಬಿ ಏನೂ ಹೇಳಿಲ್ವಲ್ಲ, ಹೆಂಗೈತೋ ಏನೋ’ ಎಂದು ಯಾವ ಮನೆಯವರೂ ಹೊರಡಲಿಲ್ಲ. ಹೆಂಗಸರು ಬಾರದಿದ್ದರೆ ಅವರನ್ನು ಕರೆತರುವ ಗಂಡಸರೂ ಇಲ್ಲ. ಮರುಳಸಿದ್ದಯ್ಯ ಬಳೆ ಅಂಗಡಿಗೇ ಬಂದು ಇನಾಯತುಲ್ಲಾ ಸಾಬರ ಮುಂದೆ ಗೋಗರೆದ.

“ಸಾಬ್ರೆ, ಒಂದು ಮಾತು ನಿಮ್ಮ ಮನೆಯೋರಿಗೆ ಹೇಳಿ. ಚಿತ್ರ ಚೆನ್ನಾಗೈತೆ ಅಂತ ಅಂದ್ಬುಟ್ರೆ ಸಾಕು.”

“ಚೆನ್ನಾಗೈತಾ?”

“ಸುಮಾರಾಗೈತೆ.”

“ಹಂಗಾದ್ರೆ ಬಾಯಿ ತೆರೆದ್ರೂ ಸುಮಾರು ಅಂತಾನೇ ಅಂತಾಳೆ, ಸಿದ್ದಯ್ಯ. ಅವಳನ್ನ ನಾನು ಬಲ್ಲೆ. ನೀನು ಮೊದ್ಲು ಆ ಬೀಗದ ವಿಚಾರ ನೋಡು.”

ಕೊನೆಗೆ ಆಕೆ ಶಂಕರಲಿಂಗಪ್ಪನವರ ಮನೆಗೂ ಹೋದಳು. ಕರೆದವರು ಕರಿಬಸಮ್ಮನವರೇ, ಹಬ್ಬದ ಬಳೆ ಬಿಡುವುದುಂಟೆ? ಆ ಮನೆಯ ಪಡಸಾಲೆಯಲ್ಲಿ ನಡೆದದ್ದನ್ನು ರಹಮತ್ ಬಿಯೇ ನನಗೆ ಹೇಳಿದ್ದು.

ದಪ್ಪ ಕೈ, ಗಟ್ಟಿ ಗಿಣ್ಣು. ಬಳೆ ಏರುವುದಿಲ್ಲ. ರಹಮತ್ ಬಿ ಮಾತಾಡುವುದಿಲ್ಲ. ಮೊದಲ ಬಳೆಗೆ ಕರಿಬಸಮ್ಮ ಹಲ್ಲು ಕಚ್ಚಿದರು. ಎರಡನೆಯದಕ್ಕೆ ಕಣ್ಣಲ್ಲಿ ನೀರು. ಮೂರನೆಯದನ್ನು ಎತ್ತಿಕೊಳ್ಳುವಾಗ ಅವರು ಕೈ ಹಿಂದೆಳೆದುಕೊಂಡರು.

“ಅಲ್ಲಾ, ನನಗೆ ಒಂದು ಹೇಳು. ಆ ಕಮಲಾಕ್ಷಿ ಸತ್ತ ಮೇಲೆ ಮಗು ಏನಾಯ್ತು?”

ರಹಮತ್ ಬಿ ಮೂರನೆಯ ಬಳೆಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಏನಾಯ್ತು ಅಂತೀನಿ! ಎರಡು ತಿಂಗಳಿಂದ ನಿದ್ದೆ ಇಲ್ಲ ನನಗೆ. ಜಗದಾಂಬನ್ನ ಕೇಳಾನ ಅಂದ್ರೆ ನಾನೇ ಬೈದಿವ್ನಿ. ಇವರನ್ನ ಕೇಳಿದ್ರೆ ಓದಿಲ್ಲ ಅಂತಾರೆ. ಓದ್ದೇನೇ ಬೀಗ ಹಾಕವ್ರೆ!”

ಒಳಗಿನ ಕೋಣೆಯಲ್ಲಿ ಶಂಕರಲಿಂಗಪ್ಪನವರು ಕೆಮ್ಮಿದರಂತೆ.

ರಹಮತ್ ಬಿ ಮೂರನೆಯ ಬಳೆಯನ್ನು ಸರಕ್ಕೆ ಪೋಣಿಸಿಟ್ಟಳು. ಕರಿಬಸಮ್ಮನವರ ಕೈಯನ್ನು ಅವರ ಮಡಿಲಲ್ಲೇ ಇಟ್ಟಳು. ಮಲಾರ ಕಟ್ಟಿ ಪಕ್ಕಕ್ಕೆ ಸರಿಸಿದಳು. “ಅಮ್ಮಾರೆ, ನಿಮ್ಮ ಕೈ ಈಗ ನನ್ನ ಕೈಯಾಗಿಲ್ಲ. ನಾನೀಗ ಬಳೆಗಾರ್ತಿ ಅಲ್ಲ, ಓದಿದೋಳು. ಇನ್ನು ಮ್ಯಾಲೆ ಕತೆ ಇಂಗೇ. ಕೈ ಹಿಡಿದಾಗ ಅರ್ಧ, ಕೊನೆ ಆಮೇಲೆ. ಆದ್ರೆ ಬರೆದೋರು ಬರೆದಂಗೆ. ಅಳು ಬಂದ್ರೆ ಅಳ್ಬೇಕು. ಒಪ್ಪಿಗೇನಾ?”

“ಒಪ್ಪಿಗೆ ಕಣೆ, ಹೇಳು!”

“ಹೇಳಾಕಿಲ್ಲ. ಪುಸ್ತಕದಾಗೈತೆ. ಪುಸ್ತಕ ಬೀರುದಾಗೈತೆ. ಬೀಗದ ಕೈ ನಿಮ್ಮ ಯಜಮಾನ್ರ ಹತ್ರ ಐತೆ.”

ಕರಿಬಸಮ್ಮನವರು ಎದ್ದು ಒಳಗಿನ ಕೋಣೆಗೆ ಹೋದರು. ಅಲ್ಲಿ ಏನು ಮಾತಾಯಿತೋ ರಹಮತ್ ಬಿ ಹೇಳಲಿಲ್ಲ, ನಾನೂ ಊಹಿಸುವುದಿಲ್ಲ. ಆದರೆ ಹಬ್ಬ ಕಳೆದ ಕೂಡಲೇ ಮಂಡಳಿ ಮತ್ತೆ ಸೇರಿತು. ಬೀಗ ತೆಗೆಯಿತು. ರಹಮತ್ ಬಿಯ ಚೀಟಿ ಹಿಂದಿರುಗಿತು. ಆಕೆ ಅಷ್ಟಕ್ಕೆ ಒಪ್ಪಲಿಲ್ಲ. ಕದ್ದು ಒಯ್ಯುವುದು ಸಾಕು, ಹೆಂಗಸರಿಗೆ ಅವರವರ ಹೆಸರಿನ ಚೀಟಿ ಬೇಕು, ಅವರೇ ಬಂದು ಕೂರುವಂತೆ ವಾರಕ್ಕೊಂದು ಮಧ್ಯಾಹ್ನ ಬೇಕು ಎಂದಳು. ಮರುಳಸಿದ್ದಯ್ಯ ಎಲ್ಲರಿಗಿಂತ ಮೊದಲು ಕೈಯೆತ್ತಿದ. ಗುರುವಾರ ಗೊತ್ತಾಯಿತು.

ಇದೆಲ್ಲ ಆಗುವಾಗ ಜಗದಾಂಬನಿಗೆ ಇನ್ನೂ ಹೆರಿಗೆ ಆಗಿರಲಿಲ್ಲ. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಊರಿನಲ್ಲಿ ಈಗ ಕತೆ ತಿರುಗಿಸಿ, ಮಗು ಹುಟ್ಟಿದ ಸಂತೋಷಕ್ಕೆ ಸಾಹುಕಾರರು ಗುರುವಾರ ದಯಪಾಲಿಸಿದರು ಎನ್ನುವವರಿದ್ದಾರೆ. ದಯಪಾಲಿಸಲಿಲ್ಲ. ಒಬ್ಬಾಕೆ ಬಾಯಿ ಮುಚ್ಚಿಕೊಂಡು ಗೆದ್ದುಕೊಂಡದ್ದು ಅದು. ಮಗು ಕಾರ್ತೀಕದಲ್ಲಿ ಹುಟ್ಟಿತು, ಹೆಣ್ಣು, ತಾಯಿ ಮಗು ಕ್ಷೇಮ. ನೀವು ಕೇಳುತ್ತೀರಿ ಎಂದು ಹೇಳಿದೆ. ಅದಕ್ಕೂ ಪುಸ್ತಕಕ್ಕೂ ಏನೂ ಸಂಬಂಧವಿಲ್ಲ.

ಮೊದಲ ಗುರುವಾರ ವಾಚನಾಲಯದ ಬೀದಿ ನೋಡಬೇಕಿತ್ತು. ಬೀಡಿ ಸೇದುವ ಗಂಡಸರು ಎದುರು ಜಗಲಿಗೆ ಸರಿದಿದ್ದರು. ಗಂಗಾಧರಯ್ಯನವರು ಬಾಗಿಲಿಗೆ ಹಳೆಯ ಜಮಖಾನ ಕಟ್ಟಿ ಪರದೆ ಮಾಡಿದ್ದರು. ಬುರ್ಖಾದವರು, ಸೆರಗು ಹೊದ್ದವರು, ಸೊಂಟದಲ್ಲಿ ಕೂಸಿದ್ದವರು ಒಬ್ಬೊಬ್ಬರಾಗಿ ಬಂದರು. ಕೆಲವರು ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಟ್ಟರಂತೆ. ಕರಿಬಸಮ್ಮನವರು ನೇರ ಹೋಗಿ ಅಧ್ಯಕ್ಷರ ಕುರ್ಚಿಯಲ್ಲೇ ಕೂತರು. ಏಳಿ ಎನ್ನುವ ಧೈರ್ಯ ಯಾರಿಗಿದೆ? ಜಗದಾಂಬ ಮದಲೂರಿನಿಂದ ಹೇಳಿಕಳಿಸಿದ ಎರಡು ಪುಸ್ತಕಗಳನ್ನು ರಹಮತ್ ಬಿ ಮೊದಲೇ ತೆಗೆದಿಟ್ಟಿದ್ದಳು. ಆಮೇಲೆ ಕಮಲಾಕ್ಷಿಯ ಕಾದಂಬರಿಯ ಕೊನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದಳು, ಬರೆದವರು ಬರೆದ ಹಾಗೆಯೇ. ಹೆರಿಗೆಯ ಕೋಣೆ, ದೀಪ, ಆ ಕೂಸನ್ನು ಎತ್ತಿಕೊಂಡವಳು ಯಾರು ಎಂಬುದು. ಜಮಖಾನದ ಈಚೆಗೆ ನಿಂತಿದ್ದ ಗಂಗಾಧರಯ್ಯನವರಿಗೆ ಒಳಗಿನಿಂದ ಮೂಗು ಸೀಟುವ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಯಾರೂ ಎದ್ದು ಹೋಗಲಿಲ್ಲ. ಯಾರೂ ಹೆದರಲಿಲ್ಲ.

ಓದು ಮುಗಿದ ಮೇಲೆ ಎಲ್ಲರೂ ಬೀರುವಿನ ಸುತ್ತ ನೆರೆದರು. ಕರಿಬಸಮ್ಮನವರು ಕಣ್ಣೊರೆಸಿಕೊಂಡು ತಮಗೂ ಒಂದು ಬೇಕೆಂದರು, ಮೊಮ್ಮಗಳೋ ಮೊಮ್ಮಗನೋ ಬರುವಷ್ಟರಲ್ಲಿ ತಾವೇ ಕೂಡಿಸಿಕೊಂಡು ಓದುವುದು ಕಲಿಯುತ್ತೇನೆ ಎಂದರು. ರಹಮತ್ ಬಿ ದಪ್ಪ ಅಕ್ಷರದ್ದೊಂದು ಹುಡುಕಿ ಕೊಟ್ಟಳು.

“ಇದು ಚೆನ್ನಾಗೈತೆ ಅಮ್ಮಾರೆ. ಆದ್ರೆ ಮೊದ್ಲೇ ಹೇಳಿವ್ನಿ, ಇದ್ರಾಗೂ ಒಬ್ರು...”

“ಸುಮ್ಕಿರು!” ಕರಿಬಸಮ್ಮ ಪುಸ್ತಕವನ್ನು ಕಸಿದುಕೊಂಡು ಸೆರಗಿನೊಳಗೆ ಸೇರಿಸಿದರು. “ಯಾರು ಅಂತ ಹೇಳಿದ್ರೆ ನೋಡು ಮತ್ತೆ. ನಾನೇ ಓದ್ಕೊಂತೀನಿ.”